ಆಳಂದದಲ್ಲಿ ಎದ್ದೇಳಲಾಗದ ಊಟ

ಮೊದಲು ತಪ್ಪೊಪ್ಪಿಗೆ. ಆಳಂದದ ಒಬ್ಬ ಸಾಹುಕಾರರು ಮಧ್ಯಾಹ್ನದ ಪಂಕ್ತಿಯಲ್ಲಿ ಕೂತವರು ಹೊತ್ತು ಇಳಿದರೂ ಏಳಲಾರದೆ ಒದ್ದಾಡಿದರು. ಕೊನೆಗೆ ತಮ್ಮ ಗಿರಣಿಯ ಹೆಂಗಸರು ಕೇಳಿದ್ದಕ್ಕೆಲ್ಲ ಹೂಂ ಅಂದು ಎದ್ದರು. ಅವರನ್ನು ಪಂಕ್ತಿಗೆ ಎಳೆದು ಕೂಡಿಸಿದವನು ನಾನು. ಕೂತವರನ್ನು ಕೂತಲ್ಲೇ ಇಡುವ ಉಪಾಯವನ್ನು ಆ ಹೆಂಗಸರಿಗೆ ತೋರಿಸಿಕೊಟ್ಟವನೂ ನಾನೇ. ಎರಡನ್ನೂ ಮಾಡುವಾಗ ಏನು ಮಾಡುತ್ತಿದ್ದೇನೆಂಬ ಅರಿವು ನನಗಿರಲಿಲ್ಲ. ಮೊದಲನೆಯದಕ್ಕೆ ನನ್ನ ಹೊಟ್ಟೆ ಕಾರಣ, ಎರಡನೆಯದಕ್ಕೆ ಬಾಯಿ. ಈ ಎರಡು ಬಿಟ್ಟರೆ ನನ್ನ ದೇಹದಲ್ಲಿ ದುಡಿಯುವ ಅಂಗ ಮತ್ತೊಂದಿಲ್ಲವೆಂದು ನನ್ನ ಅವ್ವ ಮೊದಲಿನಿಂದಲೂ ಹೇಳುತ್ತ ಬಂದಿದ್ದಾಳೆ.

ವಿಜಾಪುರದ ನನ್ನ ಗೆಳೆಯರು ಇದನ್ನು ವಿದೇಶ ಪ್ರವಾಸವೆಂದು ಒಪ್ಪುವುದಿಲ್ಲ. ಹಡಗು ಹತ್ತಿದೆಯಾ, ಸಮುದ್ರದಲ್ಲಿ ವಾಂತಿ ಮಾಡಿಕೊಂಡೆಯಾ ಎಂದು ಕೇಳುತ್ತಾರೆ. ಹಡಗು ಹತ್ತಲಿಲ್ಲ. ವಾಂತಿ ಮಾತ್ರ ಸಿಂದಗಿ ದಾಟಿದ ಮೇಲೆ ಮೋಟಾರಿನಲ್ಲಿ ಸಾಂಗವಾಗಿ ಆಯಿತು. ನಮ್ಮದು ಇಂಗ್ರೇಜಿ ಸರಕಾರ, ಅತ್ತ ಕಡೆ ನಿಜಾಮ ಸರಕಾರ. ಗಡಿ ದಾಟಿದರೆ ನಾಣ್ಯ ಬೇರೆ, ಕಚೇರಿಯ ಮಾತು ಬೇರೆ, ತಿಂಗಳ ಹೆಸರು ಕೂಡ ಬೇರೆ. ಬೆಳಿಗ್ಗೆ ಒಂದು ತಿಂಗಳಲ್ಲಿ ಹೊರಟು ಮಧ್ಯಾಹ್ನ ಇನ್ನೊಂದು ತಿಂಗಳಲ್ಲಿ ಇಳಿದವನು ವಿದೇಶಕ್ಕೆ ಹೋಗಿಲ್ಲವೆಂದರೆ ಮತ್ತೆಲ್ಲಿಗೆ ಹೋದ?

ಹೋದ ಕಾರಣ ಇಷ್ಟು. ನಾನು ಅವರಿವರ ಅಣಕು ಮಾಡಿ ಮದುವೆಮನೆಗಳಲ್ಲಿ ಮಂದಿಯನ್ನು ನಗಿಸುವವನು. ಬೀಗರ ಕೆಮ್ಮು, ಪುರೋಹಿತರ ಸೀನು, ಬೆಕ್ಕಿನ ಜಗಳ, ಎಲ್ಲ ಬರುತ್ತದೆ. ವಿಜಾಪುರದ ಒಂದು ಮದುವೆಗೆ ಬಂದಿದ್ದ ಆಳಂದದ ಗುರುಪಾದಪ್ಪ ಸಾಹುಕಾರರು ನನ್ನ ಬೆನ್ನು ತಟ್ಟಿ ಕರೆದರು.

‘ನಮ್ಮ ಊರಿಗಿ ಬಾ ತಮ್ಮಾ. ನಮ್ಮ ಹತ್ತಿ ಗಿರಣ್ಯಾಗ ಹೆಣ್ಣಾಳು ಮುನಿಸ್ಕೊಂಡು ಕೆಲಸ ಬಿಟ್ಟು ಕುಂತಾರ. ಅವರನ್ನ ಒಂದೀಟು ನಗಸ್ಬೇಕು ನೋಡು. ನಕ್ಕ ಬಾಯಿ ಜಗಳ ಆಡಂಗಿಲ್ಲ.’

ಅವರೇಕೆ ಮುನಿಸಿಕೊಂಡರು ಎಂದು ನಾನು ಕೇಳಲಿಲ್ಲ. ಊಟ ಇದೆಯೇ ಎಂದು ಕೇಳಿದೆ.

ಗಡಿಯ ನಾಕೆ

ಸುಂಕದ ನಾಕೆಯ ಕಾರಕೂನ ಸಾಹೇಬರು ಮೋಟಾರಿನಲ್ಲಿದ್ದ ಎಲ್ಲರ ಗಂಟುಗಳನ್ನೂ ಕಣ್ಣಲ್ಲೇ ನೋಡಿ ಬಿಟ್ಟರು. ನನ್ನ ಟ್ರಂಕನ್ನು ಮಾತ್ರ ತೆಗೆಸಿದರು. ಅದರಲ್ಲಿ ಒಂದು ಧೋತರ, ಒಂದು ಅಂಗಿ, ಐದು ಮೀಸೆ ಇದ್ದವು.

‘ಇತ್ತೀ ಮೂಛಾಂ ಕಾಯಕೂ?’ ಎಂದು ಅವರು ಕೇಳಿದರು. ಇಷ್ಟೊಂದು ಮೀಸೆ ಯಾಕೆ ಅಂತ.

ನಾನು ವೇಷದವನು, ಇವು ಹಚ್ಚಿಕೊಳ್ಳುವ ಮೀಸೆಗಳು ಎಂದೆ. ಅವರು ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿದರು. ಅವರ ತುಟಿಯ ಮೇಲೆ ದೇವರು ಕೊಟ್ಟದ್ದು ತೀರ ಬಡವಾಗಿತ್ತು. ಒಂದು ಮೀಸೆ ಮನುಷ್ಯನ ಸ್ವಂತ ಬಳಕೆಗೆ ಸರಿ, ಉಳಿದ ನಾಲ್ಕು ವ್ಯಾಪಾರದ ಮಾಲು, ಸುಂಕ ಬೀಳುತ್ತದೆ ಎಂದು ತೀರ್ಪು ಕೊಟ್ಟರು. ನಾನು ಐದನ್ನೂ ಒಂದರ ಮೇಲೊಂದು ಮುಖಕ್ಕೆ ಹಚ್ಚಿಕೊಂಡು, ‘ಎಲ್ಲಾ ಸ್ವಂತದ್ದೇರಿ ಸಾಹೇಬ್ರ’ ಎಂದೆ. ಸಾಹೇಬರು ಬಹಳ ಹೊತ್ತು ನೋಡಿ ಕೈ ಬೀಸಿ ಹೋಗು ಎಂದರು. ಜೇವರ್ಗಿಯವರೆಗೂ ನಾನು ಮೀಸೆ ಕೀಳಲಿಲ್ಲ. ಅಂಟು ಒಣಗಿತ್ತು, ಕೀಳಲು ಬರಲಿಲ್ಲ ಅನ್ನುವುದು ನಿಜ.

ಜೇವರ್ಗಿ

ಜೇವರ್ಗಿಯ ಮಂದಿ ಹೊಸಬನನ್ನು ಕಂಡರೆ ಹೆಸರು ಕೇಳುವುದಿಲ್ಲ. ‘ಊಟ ಆತೇನ್ರಿ?’ ಅನ್ನುತ್ತಾರೆ. ನಮ್ಮ ಕಡೆಯೂ ಕೇಳುತ್ತಾರೆ. ನಾವು ಕೇಳುವಾಗ ಒಂದು ಕಾಲು ಮುಂದಿಟ್ಟು, ಉತ್ತರ ಬರುವುದರೊಳಗೆ ಸಾಗಿ ಹೋಗುತ್ತೇವೆ. ಇವರು ಕೇಳಿ ನಿಲ್ಲುತ್ತಾರೆ. ಆಗಿಲ್ಲ ಎಂದರೆ ರಟ್ಟೆ ಹಿಡಿಯುತ್ತಾರೆ. ಈ ಭೇದ ಗೊತ್ತಿಲ್ಲದೆ ನಾನು ಮೂವರಿಗೆ ಆಗಿಲ್ಲ ಎಂದು ಹೇಳಿ ಮೂರು ಮನೆಯಲ್ಲಿ ರೊಟ್ಟಿ, ಪುಂಡಿಪಲ್ಲೆ ಉಂಡೆ. ಮೂರನೆಯ ಮನೆಯಿಂದ ಏಳುವಾಗ ಗೋಡೆ ಹಿಡಿಯಬೇಕಾಯಿತು.

ನನ್ನನ್ನು ಕರೆದೊಯ್ಯಲು ಸಾಹುಕಾರರ ಮುನೀಮ ವಿರುಪಣ್ಣ ಬಂದಿದ್ದರು. ಯಾರು ಏನೇ ಹೇಳಲಿ, ಹೇಳಿ ಮುಗಿಸುವ ಮುಂಚೆಯೇ ‘ಬರೋಬ್ಬರಿ’, ಅಂದರೆ ಸರಿ, ಎನ್ನುವ ಪ್ರಾಣಿ. ಇಪ್ಪತ್ತು ವರ್ಷ ಸಾಹುಕಾರರ ಹತ್ತಿರ ಇದ್ದು ಆ ಮಾತು ಅವರ ನಾಲಗೆಗೆ ಗಂಟುಬಿದ್ದಿತ್ತು.

‘ನನಗ ಹೊಟ್ಟಿ ನೋಯಾಕತ್ತೇದ್ರಿ’ ಎಂದೆ.

‘ಬರೋಬ್ಬರಿ’ ಎಂದರು.

ನಾನು ಅವರ ಬೆನ್ನ ಹಿಂದೆ ಅವರಂತೆಯೇ ಕುತ್ತಿಗೆ ಆಡಿಸುತ್ತ ‘ಬರೋಬ್ಬರಿ’ ಎಂದು ನಡೆದೆ. ರಸ್ತೆಯವರು ನಕ್ಕರು. ವಿರುಪಣ್ಣ ತಿರುಗಿ ನೋಡಿ, ‘ಕುತ್ತಿಗಿ ಇನ್ನಾ ಈಟು ಎಡಕ್ಕ ವಾಲಸ್ಬೇಕಪಾ’ ಎಂದು ತಿದ್ದಿ ಮುಂದೆ ನಡೆದರು. ಅಣಕಿಸಿದವನಿಗೆ ಪಾಠ ಹೇಳುವ ಮನುಷ್ಯನನ್ನು ಅದೇ ಮೊದಲು ಕಂಡದ್ದು.

ಭೀಮಾ ಹೊಳೆ, ಅಫಜಲಪುರ

ಭೀಮಾ ಹೊಳೆಯನ್ನು ಹರಗೋಲಿನಲ್ಲಿ ದಾಟಿದೆವು. ಹರಗೋಲೆಂದರೆ ತೇಲುವ ಬುಟ್ಟಿ. ಅದಕ್ಕೆ ಹಿಂದು ಮುಂದು ಇಲ್ಲವಾದ್ದರಿಂದ ಯಾವ ಕಡೆ ಮುಖ ಮಾಡಿ ಕೂತರೂ ಅದು ತಿರುಗಿ ತಿರುಗಿ ನಿಮ್ಮನ್ನು ಎಲ್ಲ ದಿಕ್ಕಿಗೂ ತೋರಿಸುತ್ತದೆ. ಆ ತಿರುಗಾಟದಲ್ಲಿ ಜೇವರ್ಗಿಯ ಮೂರೂ ಮನೆಯ ರೊಟ್ಟಿಗಳು ಪರಸ್ಪರ ಪರಿಚಯ ಮಾಡಿಕೊಂಡವು.

ಹೊಳೆ ದಾಟಿ ಅಫಜಲಪುರದಲ್ಲಿ ಒಂದು ಚಹಾದ ಅಂಗಡಿಯ ಮುಂದೆ ಕೂತಾಗ ವಿರುಪಣ್ಣನವರನ್ನು ಕೇಳಿದೆ, ಆ ಹೆಂಗಸರ ಮುನಿಸು ಏನು ಅಂತ.

ಅವರು ಹೇಳಿದ್ದಿಷ್ಟು: ಕಸ ಆರಿಸಿ ತೆಗೆದು ಹತ್ತಿಯನ್ನು ಯಂತ್ರಕ್ಕೆ ಉಣಿಸುವುದು ಆ ಹೆಂಗಸರ ಕೆಲಸ. ಗಿರಣಿಯ ಇಂಜಿನ್ನು ಮುದಿಯಾಗಿದೆ. ಅದರ ಬಿಡಿಭಾಗ ವಿಲಾಯತಿಯಿಂದ ಬರಬೇಕು, ವಿಲಾಯತಿಯಲ್ಲಿ ಯುದ್ಧ. ಹಾಗಾಗಿ ಇಂಜಿನ್ನು ವಾರದಲ್ಲಿ ಎರಡು ದಿನ ಮಲಗುತ್ತದೆ. ಮಲಗಿದ ದಿನ ಹೆಂಗಸರು ಮನೆಗೆ ಹೋಗುವಂತಿಲ್ಲ, ಯಾರದೋ ಹೊಲಕ್ಕೆ ಕೂಲಿಗೂ ಹೋಗುವಂತಿಲ್ಲ. ಯಾವ ಗಳಿಗೆಯಲ್ಲಿ ಅದು ಎದ್ದೀತೋ ಎಂದು ಗಿರಣಿಯ ಅಂಗಳದಲ್ಲಿ ಬಿಸಿಲಲ್ಲಿ ಕಾಯುತ್ತ ಕೂರಬೇಕು. ಸಂಜೆಗೆ ಕೂಲಿ ಕೇಳಿದರೆ ಸಾಹುಕಾರರು, ‘ಸುಮ್ಮ ಕುಂತವರಿಗಿ ಎಂಥಾ ಕೂಲಿ? ಕುಂತದ್ದು ದುಡಿಮಿ ಏನು?’ ಎನ್ನುತ್ತಾರೆ. ಆ ದಿನ ಮನೆಯಲ್ಲಿ ಒಲೆ ಹೊತ್ತುವುದಿಲ್ಲ. ಇಪ್ಪತ್ತು ಮಂದಿ ಹೆಂಗಸರು ಕಾದ ದಿನಕ್ಕೂ ಕೂಲಿ ಬೇಕೆಂದು ಕೆಲಸ ಬಿಟ್ಟು ಹೊರಬಂದಿದ್ದಾರೆ.

‘ಮತ್ತ ಅವರು ಕೇಳೂದು ಬರೋಬ್ಬರಿ ಅದಲ್ರಿ?’ ಎಂದೆ.

ವಿರುಪಣ್ಣ ಬಾಯಿ ತೆರೆದರು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಆ ಮಾತು ಅವರ ಗಂಟಲಲ್ಲಿ ನಿಂತಿತು. ಚಹಾ ಕುಡಿದು ಅದನ್ನು ಒಳಗೆ ಕಳಿಸಿದರು.

ಆಳಂದ, ಬುಧವಾರ

ಊರ ಹೊರಗೆ ಒಂದು ಗದ್ದುಗೆ ಇದೆ. ಹಿಂದೂಗಳು ಅಜ್ಜ ಎನ್ನುತ್ತಾರೆ, ಮುಸಲ್ಮಾನರು ಬಾಬಾ ಎನ್ನುತ್ತಾರೆ. ಒಳಗೆ ಮಲಗಿದವರು ಎರಡಕ್ಕೂ ಓಗೊಡುತ್ತಾರಂತೆ. ಪೂಜೆಗೆ ಒಬ್ಬ ಅಯ್ಯನವರು, ಲೋಬಾನ ಹಾಕಲು ಒಬ್ಬ ಮುಜಾವರ ಚಾಚಾ. ಇಬ್ಬರೂ ಮುದುಕರು. ದೀಪ ಮೊದಲು ಯಾರು ಹಚ್ಚಬೇಕು, ಸಾರಿಗೆ ಉಪ್ಪು ಎಷ್ಟು, ಅಜ್ಜ ಬದುಕಿದ್ದಾಗ ಗಡ್ಡ ಬಿಟ್ಟಿದ್ದರೋ ಇಲ್ಲವೋ, ಎಲ್ಲದಕ್ಕೂ ಜಗಳ. ನಾನು ಹೋದ ಗಳಿಗೆಯಲ್ಲಿ ಜಗಳ ಗಡ್ಡಕ್ಕೆ ಬಂದಿತ್ತು.

ಕೆಲಸ ಬಿಟ್ಟ ದಿನದಿಂದ ಹೆಂಗಸರಿಗೆ ಮಕ್ಕಳ ಸಮೇತ ಊಟ ಇಲ್ಲೇ. ಇದೊಂದರಲ್ಲಿ ಮಾತ್ರ ಇಬ್ಬರು ಮುದುಕರಿಗೂ ಒಂದೇ ಮಾತು. ಅಡುಗೆ ನಿಲ್ಲಿಸಿರಿ, ಹಸಿದರೆ ತಾವೇ ಕೆಲಸಕ್ಕೆ ಬರುತ್ತಾರೆ ಎಂದು ಸಾಹುಕಾರರು ಹೇಳಿ ಕಳಿಸಿದ್ದರಂತೆ. ಅಯ್ಯನವರು, ‘ಒಲಿ ಅಜ್ಜಾರದು. ಹಸದು ಬಂದವರನ್ನ ನೀ ಯಾರ ಮನಿ ಆಳು ಅಂತ ಕೇಳೂ ಪದ್ಧತಿ ಇಲ್ಲಿಲ್ಲ’ ಎಂದಿದ್ದರು. ಚಾಚಾ ಒಂದು ಮಾತು ಜೋಡಿಸಿದ್ದರು: ‘ಮತ್ತ ಉಪ್ಪು ಖಾಲಿ ಆಗೇದ. ಒಂದು ಚೀಲ ಕಳಸು ಅಂತ ನಿಮ್ಮ ಸಾಹುಕಾರಗ ಹೇಳ್ರಿ.’

ಇಪ್ಪತ್ತು ಮನೆಯ ಹೊಟ್ಟೆಗೆ ಧಾನ್ಯ ಎಲ್ಲಿಂದ ತರುತ್ತೀರಿ ಎಂದು ಚಾಚಾನನ್ನು ಕೇಳಿದೆ.

‘ಜೋಳಿಗಿ ಹಿಡಕೊಂಡು ಓಣಿ ತಿರಗ್ತೇವಿ ಬೇಟಾ. ಅಯ್ಯಾ ನಮ್ಮ ಮೊಹಲ್ಲಾಕ್ಕ ಹೋಗ್ತಾನ, ನಾ ಅವರ ಲಿಂಗಾಯತರ ಓಣಿಗಿ ಹೋಗ್ತೇನಿ.’

‘ಅದ್ಯಾಕ್ರಿ ಉಲ್ಟಾ?’

‘ನಮ್ಮವರು ನಮಗ ನಾಳಿ ಬಾ ಅಂತಾರ. ಇನ್ನೊಬ್ಬರ ಅಯ್ಯಾಗ ಹಂಗನ್ನಾಕ ಮಂದಿಗಿ ನಾಚಿಕಿ ಬರ್ತದ.’

ಸಂಜೆಗೆ ಮುಂಚೆ ಅಂಗಳದಲ್ಲಿ ನನ್ನ ಆಟ ಶುರುವಾಯಿತು. ಬೆಕ್ಕು ಮಾಡಿದೆ, ಬೀಗರನ್ನು ಮಾಡಿದೆ, ವಿರುಪಣ್ಣನವರ ಕುತ್ತಿಗೆಯನ್ನು ಈ ಸಲ ಸರಿಯಾಗಿ ಎಡಕ್ಕೆ ವಾಲಿಸಿದೆ. ಹೆಂಗಸರು ಸೆರಗಿನಲ್ಲಿ ಮುಖ ಮುಚ್ಚಿ ನಕ್ಕರು. ಕೊನೆಗೆ ನನ್ನ ಹೆಸರಾಂತ ಆಟ: ಕಡೇ ತುತ್ತಿನ ಮುದುಕ. ಮದುವೆ ಪಂಕ್ತಿಯಲ್ಲಿ ಎಲ್ಲರೂ ಉಂಡು ಕೈ ಒಣಗಿಸಿಕೊಂಡು ಕೂತಿದ್ದಾರೆ. ಒಬ್ಬ ಮುದುಕ ಮಾತ್ರ ಕಡೆಯ ತುತ್ತನ್ನು ಬಾಯಿಯ ಹತ್ತಿರ ತರುತ್ತಾನೆ, ಏನೋ ನೆನಪಾಗಿ ಮಾತಾಡುತ್ತಾನೆ, ತಿರುಗಿ ಎಲೆಗೆ ಇಡುತ್ತಾನೆ. ಪಂಕ್ತಿಯವರ ಮುಖಗಳನ್ನು ಒಂದೊಂದಾಗಿ ಮಾಡಿ ತೋರಿಸಿದೆ.

ಎಲ್ಲರೂ ಹೊಟ್ಟೆ ಹಿಡಿದು ನಗುವಾಗ ಒಬ್ಬ ಮುದುಕಿ ನಗಲಿಲ್ಲ. ಚಂದವ್ವ ಆಯಿ. ಗಿರಣಿಯಲ್ಲಿ ಎಲ್ಲರಿಗಿಂತ ಹಳಬಳು, ಹಲ್ಲು ಎಣಿಸಲು ಒಂದು ಕೈ ಸಾಕು.

‘ಮುಂದೇನಾತೋ ತಮ್ಮಾ? ಮಂದಿ ಎದ್ದರೇನು?’

‘ಹೆಂಗ ಏಳ್ತಾರ ಆಯಿ? ಮುದುಕ ನುಂಗೂತನಾ ಯಾರೂ ಏಳಂಗಿಲ್ಲಲ್ಲ.’

‘ಹೂಂ’ ಎಂದಳು. ಪಕ್ಕದಲ್ಲಿದ್ದ ಗಿರಣಿಯ ಗೆಳತಿ ಮಹಬೂಬಿಯ ಮುಖ ನೋಡಿದಳು. ಮಹಬೂಬಿಯೂ ನಗು ನಿಲ್ಲಿಸಿ ‘ಹೂಂ’ ಎಂದಳು. ನನ್ನ ಆಟ ಅವರಿಗೆ ಅರ್ಥವಾಗಲಿಲ್ಲವೆಂದು ತಿಳಿದು ನಾನು ಆ ಮುದುಕನನ್ನು ಮೊದಲಿನಿಂದ ಇನ್ನೊಂದು ಸಲ ಮಾಡಿ ತೋರಿಸಿದೆ. ಹೀಗೆ ಎರಡೆರಡು ಸಲ ಪಾಠ ಹೇಳುವ ಮೇಷ್ಟ್ರು ನಿಜಾಮ ಸರಕಾರದಲ್ಲಿ ಬೇರೆ ಯಾರೂ ಇರಲಿಕ್ಕಿಲ್ಲ.

ಆಳಂದ, ಗುರುವಾರ

ಸಾಹುಕಾರರ ಭಕ್ತಿಯ ಬಗ್ಗೆ ನಾನು ಕುಚೋದ್ಯ ಮಾಡುವುದಿಲ್ಲ. ಅದು ಸಾಚಾ. ತಮ್ಮ ಇಂಜಿನ್ನಿಗೆ ಅಯ್ಯನವರು ಮಂತ್ರಿಸಿದ ನಿಂಬೆಹಣ್ಣನ್ನೂ ಚಾಚಾ ಓದಿಕೊಟ್ಟ ತಾಯತವನ್ನೂ ಕಟ್ಟಿದ್ದರು. ಗುರುವಾರ ತಪ್ಪದೆ ಗದ್ದುಗೆಗೆ ಬಂದು ತೆಂಗಿನಕಾಯಿ, ಸಕ್ಕರೆ ಎರಡನ್ನೂ ಕೊಟ್ಟು ನಮಸ್ಕಾರ ಮಾಡಿ ಹೋಗುವವರು. ಊಟಕ್ಕೆ ಕೂರುತ್ತಿರಲಿಲ್ಲ.

ಆ ಗುರುವಾರ ಅವರ ಜತೆ ನಾನೂ ಹೋದೆ. ಅಂದು ರೊಟ್ಟಿ, ಪುಂಡಿಪಲ್ಲೆಯ ಜತೆ ಗೋಧಿ ಹುಗ್ಗಿಯನ್ನೂ ಮಾಡಿದ್ದರು. ತುಪ್ಪದ ವಾಸನೆ ನನ್ನ ಮೂಗು ಹಿಡಿದು ಎಳೆಯಿತು. ಸಾಹುಕಾರರು ನಮಸ್ಕಾರ ಮುಗಿಸಿ ಮುಂಡಾಸು ಸರಿಮಾಡಿಕೊಂಡು ಹೊರಟರು. ಅವರು ಹೋದರೆ ನಾನೂ ಹೋಗಬೇಕು.

‘ಸಾಹುಕಾರ್ರ, ಪ್ರಸಾದಕ್ಕ ಬೆನ್ನು ಮಾಡಿದ್ರ ಅಜ್ಜಾರು ಏನಂದಾರು? ಇಂಜಿನ್ನಿನ ಮ್ಯಾಲ ಸಿಟ್ಟು ತೀರಿಸಿಕೊಂಡಾರು.’

ಇಂಜಿನ್ನಿನ ಹೆಸರು ಕೇಳಿ ಸಾಹುಕಾರರು ಬಣ್ಣಗೆಟ್ಟರು. ಬಂದು ಕೂತರು. ಅವರ ಪಕ್ಕ ವಿರುಪಣ್ಣ, ಅವರ ಪಕ್ಕ ನಾನು, ನನ್ನ ಪಕ್ಕ ಊಟಕ್ಕೆಂದು ಮೋಟಾರು ನಿಲ್ಲಿಸಿ ಬಂದ ಒಬ್ಬ ಡ್ರೈವರ. ಎದುರು ಸಾಲಿನಲ್ಲಿ ಗಿರಣಿಯ ಹೆಂಗಸರು. ಅಲ್ಲಿ ಜಾತಿಗೊಂದು ಪಂಕ್ತಿ ಇಲ್ಲ, ಇರುವುದೆಲ್ಲ ಒಂದೇ. ಬಡಿಸುವ ಮುಂಚೆ ಅಯ್ಯನವರು ಅಜ್ಜಾರ ಅಪ್ಪಣೆ ಕೂಗಿ ಹೇಳಿದರು: ‘ಕುಂಡ್ರೂದು ಎಲ್ಲಾರೂ ಕೂಡಿ, ಏಳೂದು ಎಲ್ಲಾರೂ ಕೂಡಿ. ಒಬ್ಬರ ಎಲ್ಯಾಗ ತುತ್ತು ಇರೂಮುಂದ ಎದ್ದವನ ಕೈ ಒಣಗಂಗಿಲ್ಲ, ಮನಿ ಒಣಗತದ.’

ಹುಗ್ಗಿ ಉಂಡೆ. ಮೂರು ಸಲ ಹಾಕಿಸಿಕೊಂಡೆ. ಅದರ ವರ್ಣನೆ ಮಾಡಿದರೆ ಇಲ್ಲಿಗೇ ಬರಹ ನಿಂತು ನಾನು ಅಡುಗೆಮನೆಗೆ ಹೋಗುತ್ತೇನೆ. ಎಲ್ಲರೂ ಉಂಡರು. ಎಲೆಗಳು ನೆಕ್ಕಿದಂತಾದವು. ಸಾಹುಕಾರರು ಏಳಲು ಮಂಡಿಯ ಮೇಲೆ ಕೈ ಊರಿದರು.

‘ತಡೀರಿ’ ಎಂದರು ಅಯ್ಯನವರು.

ಚಂದವ್ವ ಆಯಿಯ ಎಲೆಯ ಮೇಲೆ ಒಂದು ತುತ್ತು ರೊಟ್ಟಿ ಉಳಿದಿತ್ತು. ಹೆಬ್ಬೆರಳಷ್ಟು, ಪುಂಡಿಪಲ್ಲೆ ಹಚ್ಚಿದ್ದು. ಆಯಿ ಅದನ್ನೆತ್ತಿದಳು, ಬಾಯಿಯ ಹತ್ತಿರ ತಂದಳು, ಏನೋ ನೆನಪಾದವಳಂತೆ ಮಹಬೂಬಿಯ ಕಡೆ ತಿರುಗಿ, ‘ನಿಮ್ಮ ಆಡು ಈದ ಮ್ಯಾಲ ಹೆಂಗದ ಬೇ?’ ಎಂದಳು. ತುತ್ತು ತಿರುಗಿ ಎಲೆಗೆ ಬಂತು.

ನನ್ನ ಮುದುಕ! ನನ್ನ ಕೈಯ ತಿರುವು, ನನ್ನ ತುಟಿಯ ನಡುಕ, ಎಲ್ಲ ನನ್ನದೇ. ಹೇಳಲು ಹೊಟ್ಟೆ ಉರಿಯುತ್ತದೆ, ನನಗಿಂತ ಚೆನ್ನಾಗಿ ಮಾಡಿದಳು.

ಆಡಿನ ಕಥೆ ಮುಗಿಯಿತು. ಮರಿಗಳ ಕಥೆ ಶುರುವಾಯಿತು. ನೆರಳು ಒಂದು ಕಂಬ ದಾಟಿತು. ಆಗ ಸಾಹುಕಾರರಿಗೆ ವಿಷಯ ಹೊಳೆಯಿತು.

‘ಏನಿದು ನಾಟಕ? ಅಯ್ಯನೋರ, ಆಕಿಗಿ ನುಂಗ ಅಂತ ಹೇಳ್ರಿ!’

‘ಉಣ್ಣಾಕ ಅವಸರ ಮಾಡಬಾರ್ದು ಅಂತನೂ ಅಜ್ಜಾರ ಹುಕುಂ ಅದರಿ’ ಎಂದರು ಅಯ್ಯನವರು.

‘ಬಾಬಾರ ಹುಕುಂ’ ಎಂದು ಚಾಚಾ ತಿದ್ದಿದರು. ಹೆಸರಿಗಾಗಿ ಇಬ್ಬರಿಗೂ ಸ್ವಲ್ಪ ಹೊತ್ತು ಜಗಳವಾಯಿತು. ಹುಕುಂ ಮಾತ್ರ ಇಬ್ಬರದೂ ಒಂದೇ ಆಗಿತ್ತು.

ವಿರುಪಣ್ಣ, ‘ಆ ತುತ್ತು ನಾ ತಿಂತೇನ್ರಿ’ ಎಂದು ಕೈ ಚಾಚಿದರು. ಒಬ್ಬರ ಎಲೆಯದನ್ನು ಇನ್ನೊಬ್ಬರು ಮುಟ್ಟುವಂತಿಲ್ಲ ಎಂದು ಅಯ್ಯನವರು ಕೈಯ ಮೇಲೆ ಸೌಟಿನಿಂದ ಮೆಲ್ಲಗೆ ಹೊಡೆದರು. ಹೊರಗೆ ಮೋಟಾರಿನ ಪ್ರಯಾಣಿಕರು ಭೊಂಪು ಒತ್ತತೊಡಗಿದರು. ಡ್ರೈವರ ಎಂಜಲು ಕೈಯನ್ನು ಆಕಾಶಕ್ಕೆ ಎತ್ತಿ, ‘ಸಾಹುಕಾರ್ರ, ಅವರು ಏನ ಕೇಳ್ಯಾರೋ ಅದನ್ನ ಕೊಟ್ಟು ಬಿಡ್ರೆಪಾ! ನನ ಮೋಟಾರ ಸೊಲ್ಲಾಪುರಕ್ಕ ಹೋಗ್ಬೇಕು!’ ಎಂದು ಅಳುದನಿ ತೆಗೆದ.

ಕಾಲು ಜೋಮು ಹಿಡಿದು ನನಗೂ ಸಾಕಾಗಿತ್ತು. ಕಾಗೆ ಬಂದು ಆ ತುತ್ತನ್ನು ಎತ್ತಿಕೊಂಡು ಹೋದರೆ ಎಲ್ಲರಿಗೂ ಬಿಡುಗಡೆ ಎಂದು ಯೋಚಿಸಿ ಕಾಗೆಯಂತೆ ಕೂಗಿದೆ. ಕಾಗೆಗಳು ಬಂದವು. ಒಂದಲ್ಲ, ಬೇವಿನ ಮರದಲ್ಲಿದ್ದ ಅಷ್ಟೂ ಬಂದವು. ಎರಡು ನನ್ನ ಎಲೆ ಹರಿದವು, ಒಂದು ಸಾಹುಕಾರರ ಮುಂಡಾಸಿನ ಮೇಲೆ ಕೂತಿತು. ಸಾಹುಕಾರರು ಅದನ್ನು ಓಡಿಸಲಿಲ್ಲ. ಆಯಿಯ ಎಲೆಯ ಕಡೆ ಬೆರಳು ಮಾಡಿ, ‘ಅಲ್ಲಿ ಹೋಗವ್ವಾ, ಅಲ್ಲಿ’ ಎಂದು ಮಗಳಿಗೆ ಹೇಳಿದಂತೆ ಮೆಲ್ಲಗೆ ಹೇಳಿದರು. ಆಯಿ ಎಡಗೈಯನ್ನು ತುತ್ತಿನ ಮೇಲೆ ಕೊಡೆಯಂತೆ ಹಿಡಿದಳು. ಕಾಗೆ ಮುಂಡಾಸಿನ ಮೇಲೆ ತನ್ನ ಕೆಲಸ ಮುಗಿಸಿ ಹಾರಿಹೋಯಿತು.

‘ಸಾಕು!’ ಸಾಹುಕಾರರು ಕೂಗಿದರು. ‘ಕಾಲು ಸತ್ತಾವ, ಸೊಂಟ ಹಿಡದದ, ಇಡೀ ದಿನ ಹಾಳಾತು! ಇಳಿಬಿಸಿಲು ಮಾರಿಗಿ ಬಡ್ಯಾಕತ್ತೇದ!’

ಚಂದವ್ವ ಆಯಿ ಅಂದು ಮೊದಲ ಸಲ ಅವರ ಮುಖವನ್ನು ನೇರ ನೋಡಿದಳು.

‘ಯಾಕ್ರಿ ಯಪ್ಪಾ? ಸುಮ್ಮ ಕುಂತೀರಿ. ಕುಂತದ್ದು ದುಡಿಮಿ ಏನು?’

ಸಾಹುಕಾರರು ತಮ್ಮ ಕಾಲುಗಳನ್ನು ನೋಡಿಕೊಂಡರು, ಎದುರು ಸಾಲಿನ ಇಪ್ಪತ್ತು ಜತೆ ಕಾಲುಗಳನ್ನು ನೋಡಿದರು. ಆ ಕಾಲುಗಳು ಜೋಮು ಹಿಡಿದಿರಲಿಲ್ಲ. ಅವಕ್ಕೆ ಗಿರಣಿಯ ಅಂಗಳದಲ್ಲಿ ರೂಢಿಯಾಗಿತ್ತು. ಸಾಹುಕಾರರು ಅಯ್ಯನವರ ಕಡೆ ನೋಡಿದರು, ಚಾಚಾನ ಕಡೆ ನೋಡಿದರು. ಇಬ್ಬರೂ ತಮ್ಮ ತಮ್ಮ ಗಡ್ಡ ಸವರುತ್ತ ಗದ್ದುಗೆಯ ಕಡೆ ಮುಖ ಮಾಡಿದ್ದರು.

‘ವಿರುಪಣ್ಣ, ಇವರು ಕೇಳೂದು...’

‘ಬರೋಬ್ಬರಿ!’ ವಿರುಪಣ್ಣ ಎಂದರು. ಸಾಹುಕಾರರು ವಾಕ್ಯ ಮುಗಿಸಿರಲಿಲ್ಲ. ಅಷ್ಟು ಜೋರಾಗಿ ಆ ಮಾತು ಹೇಳಿದ್ದನ್ನು ಯಾರೂ ಕೇಳಿರಲಿಲ್ಲವಂತೆ.

ಸಾಹುಕಾರರು ಉಸಿರು ಬಿಟ್ಟರು. ಆದರೆ ಸಾಹುಕಾರರು ಸಾಹುಕಾರರೇ.

‘ಆತು. ಅಜ್ಜಾರ ಮುಂದ ಹೇಳ್ತೇನಿ. ಇಂಜಿನ್ನು ನಿಂತ ದಿನಾನೂ ಕೂಲಿ ಕೊಡ್ತೇನಿ. ಅರ್ಧಾ ಕೂಲಿ.’

ಡ್ರೈವರ ಅರ್ಧ ಎದ್ದೇಬಿಟ್ಟ. ನಾನೂ ಕುಂಡೆ ಎತ್ತಿದೆ. ಅರ್ಧವಾದರೂ ಬಂತಲ್ಲ ಎಂದು ಎದುರು ಸಾಲಿನಲ್ಲಿ ಒಂದಿಬ್ಬರು ಆಯಿಯ ಸೆರಗು ಜಗ್ಗಿದರು. ಆಯಿ ತುತ್ತನ್ನು ಎತ್ತಿ ಬೆಳಕಿಗೆ ಹಿಡಿದಳು. ನಿಧಾನವಾಗಿ, ಸರಿಯಾಗಿ ನಡುವೆ ಮುರಿದಳು. ಒಂದು ಚೂರನ್ನು ಎಲೆಯ ಮೇಲೆ ಇಟ್ಟಳು, ಇನ್ನೊಂದನ್ನು ಬಾಯಿಯ ಮುಂದೆ ಹಿಡಿದುಕೊಂಡು ಹೇಳಿದಳು:

‘ಬರೋಬ್ಬರಿ ಆತ್ರಿ ಸಾಹುಕಾರ್ರ. ನಾ ಅರ್ಧಾ ತುತ್ತು ನುಂಗ್ತೇನಿ, ನೀವು ಅರ್ಧಾ ಏಳ್ರಿ.’